ಹನ್ನೊಂದು ರೂಪಾಯಿಯ ಬಾಕಿ ಮತ್ತು ನನ್ನ ಮೊದಲ ಕಾರ್ಡು

ಹನ್ನೊಂದು ರೂಪಾಯಿ ಕಟ್ಟದೆ ಉಳಿಸಿದ್ದಕ್ಕೆ ನನಗೆ ಬಿದ್ದ ಖರ್ಚು ಸಾವಿರದ ಏಳುನೂರ ನಾಲ್ಕು ರೂಪಾಯಿ. ಅದರಲ್ಲಿ ಅರ್ಧವನ್ನು ಫೋನಿನಲ್ಲೇ ಚೌಕಾಸಿ ಮಾಡಿ ವಾಪಸು ಹಾಕಿಸಿಕೊಂಡೆ. ಹಾಗಾಗಿ ಕೈಬಿಟ್ಟು ಹೋದದ್ದು ಎಂಟುನೂರ ಐವತ್ತೆರಡು. ಆ ಹನ್ನೊಂದು ರೂಪಾಯಿ ನನ್ನ ಹತ್ತಿರ ಇರಲಿಲ್ಲ ಎಂದಲ್ಲ, ಮರೆತೆ ಎಂದೂ ಅಲ್ಲ. ಬ್ಯಾಂಕಿನವರ ಮೇಲಿನ ಮರ್ಯಾದೆಗೆ, ಬೇಕೆಂದೇ ಉಳಿಸಿದ್ದು. ಮರ್ಯಾದೆ ಕೊಟ್ಟದ್ದಕ್ಕೆ ಬಡ್ಡಿ ಹಾಕುವ ಜಾಗ ಲೋಕದಲ್ಲಿ ಇದೆ ಎಂದು ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ.

ನನ್ನದು ಕೊಪ್ಪದಲ್ಲಿ ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರ. ಬಾಗಿಲು ಮುಚ್ಚುತ್ತಿದ್ದ ಒಂದು ಹೋಟೆಲಿನಿಂದ ಕೊಂಡ ಎರಡು ಕಡಾಯಿ, ಒಂದು ಹಂಡೆ, ಒಂದಿಷ್ಟು ಸೌಟಿನಿಂದ ಶುರು ಮಾಡಿದ್ದು. ಹೋಟೆಲಿನವನು ಹೇಳಿದ ಬೆಲೆಯನ್ನು ಅರ್ಧಕ್ಕೆ ಇಳಿಸಿ, ಮೇಲಿಂದ ಒಂದು ಜಾಲರಿ ಸೌಟನ್ನು ಪುಕ್ಕಟೆ ಹಾಕಿಸಿಕೊಂಡಿದ್ದೆ. ಆ ಸೌಟು ಇವತ್ತಿಗೂ ಗೋದಾಮಿನ ಗೋಡೆಯಲ್ಲಿ ನೇತಾಡುತ್ತಿದೆ. ಅದನ್ನು ಬಾಡಿಗೆಗೆ ಕೊಡುವುದಿಲ್ಲ. ನನ್ನ ಡಿಗ್ರಿ ಸರ್ಟಿಫಿಕೇಟು ಅದೇ. ಈಗ ಸಾವಿರ ಜನರ ಊಟಕ್ಕೆ ಬೇಕಾದ್ದೆಲ್ಲ ನನ್ನ ಹತ್ತಿರ ಇದೆ. ಇಲ್ಲೇ ಹತ್ತಿರದ ಜಯಪುರ, ನಾರ್ವೆ ಊರುಗಳ ಕಡೆ ನೀವು ಮದುವೆಗೆ ಹೋಗಿ ಕೂತಿದ್ದರೆ ನನ್ನ ಕುರ್ಚಿಯಲ್ಲೇ ಕೂತಿರುತ್ತೀರಿ.

ನಮ್ಮ ಕಡೆ ಈ ವ್ಯಾಪಾರಕ್ಕೆ ಒಂದು ರೀತಿ ಇದೆ. ಮದುವೆಗೋ ಉಪನಯನಕ್ಕೋ ಗೃಹಪ್ರವೇಶಕ್ಕೋ ಪಾತ್ರೆ ಒಯ್ದವರು ಬಾಡಿಗೆಯನ್ನು ಪೂರ್ತಿ ಚುಕ್ತಾ ಮಾಡುವುದಿಲ್ಲ. ಹನ್ನೊಂದು ರೂಪಾಯಿ ಹಿಡಿದುಕೊಂಡು, "ಇದು ಮುಂದಿನ ಕಾರ್ಯಕ್ಕೆ ಇರ್ಲಿ" ಎನ್ನುತ್ತಾರೆ. ನಾನೂ "ಇರ್ಲಿ, ಬೇಗ ಬರ್ಲಿ" ಎನ್ನುತ್ತೇನೆ. ಅವರ ಮನೆಯಲ್ಲಿ ಇನ್ನೊಂದು ಒಳ್ಳೆಯ ಕೆಲಸ ಆಗಲಿ, ಆಗ ನನ್ನ ಪಾತ್ರೆಯೇ ಬರಲಿ ಎಂದು ಅರ್ಥ. ವೈಕುಂಠದ ಊಟಕ್ಕೆ ಒಯ್ದವರು ಮಾತ್ರ ಅವತ್ತಿನದು ಅವತ್ತೇ, ಪೈಸೆ ಉಳಿಸದೆ ಕೊಟ್ಟು, ತಿರುಗಿ ನೋಡದೆ ಹೋಗುತ್ತಾರೆ. ಸಾವಿನ ಮನೆಯ ಲೆಕ್ಕದಲ್ಲಿ ಬಾಕಿ ಇಡುವುದೆಂದರೆ ಇನ್ನೊಂದು ಸಾವಿಗೆ ಮುಂಗಡ ಕೊಟ್ಟ ಹಾಗೆ. ಒಮ್ಮೆ ಒಬ್ಬರು ಮಗಳ ಮದುವೆಯ ಬಾಡಿಗೆಯನ್ನು ಪೂರ್ತಿ ಎಣಿಸಿ ಕೊಟ್ಟುಬಿಟ್ಟರು. ನನ್ನಿಂದ ಎಂತ ತಪ್ಪಾಯಿತೋ ಎಂದು ಎಷ್ಟೋ ದಿನ ಯೋಚಿಸಿದೆ. ಎರಡನೆಯ ಮಗಳ ಮದುವೆಗೆ ಅವರು ತೀರ್ಥಹಳ್ಳಿಯಿಂದ ಪಾತ್ರೆ ತರಿಸಿದರು. ಆಗ ಅರ್ಥವಾಯಿತು, ಪೂರ್ತಿ ಚುಕ್ತಾ ಎಂದರೆ ಇನ್ನು ಸಾಕು ಎಂದು.

ಇಷ್ಟು ಹೇಳಿದ್ದು ಯಾಕೆಂದರೆ ಮುಂದಿನದಕ್ಕೆಲ್ಲ ಇದೇ ಮೂಲ.

ಗೋದಾಮು ಬಾಡಿಗೆಯದು. ಅದರ ಒಡತಿ ಶೃಂಗೇರಿಯಲ್ಲಿ ಯಾತ್ರಿಕರಿಗೆ ಲಾಡ್ಜ್ ನಡೆಸುವ ಅಮ್ಮ. ಎಪ್ಪತ್ತು ದಾಟಿದವರು, ಮಾತು ಕಡಿಮೆ, ನೋಟ ಜಾಸ್ತಿ. ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ ನನ್ನನ್ನು ಕರೆಸಿ, "ಕೊಪ್ಪದ ಗೋದಾಮು ಕೊಡ್ಬೇಕು ಅಂತಿದ್ದೀನಿ ಮಾರಾಯ್ತಿ. ಲಾಡ್ಜಿಗೆ ಲಿಫ್ಟ್ ಹಾಕಿಸ್ಬೇಕು. ಈಗಿನ ಯಾತ್ರಿಕರಿಗೆ ಭಕ್ತಿ ಇದೆ, ಮಂಡಿ ಇಲ್ಲ" ಎಂದರು.

"ನಂಗೇ ಕೊಡಿ ಅಮ್ಮ" ಎಂದೆ. ಚೌಕಾಸಿಯ ಮೊದಲ ಪಾಠ, ಬೇಕು ಎಂದು ಮೊದಲೇ ಬಾಯಿಬಿಡಬಾರದು. ಇಪ್ಪತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದ ಆ ಪಾಠವನ್ನು ಅವತ್ತು ಒಂದೇ ಉಸಿರಿನಲ್ಲಿ ಮರೆತೆ. ಆ ಗೋದಾಮಿನ ಬಾಗಿಲಿಗೆ ಪಿಕಪ್ ಗಾಡಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಬಹುದು. ಊರ ಹೊರಗೆ ಎಲ್ಲಾದರೂ ಹೋದರೆ ಹಂಡೆ ಹೊರುವ ಕೂಲಿಗೇ ನನ್ನ ಲಾಭ ಮುಗಿಯುತ್ತಿತ್ತು. ಗೋದಾಮು ಹೋದರೆ ವ್ಯಾಪಾರ ಹೋದ ಹಾಗೆಯೇ.

"ಟೈಲ್ಸ್ ಅಂಗಡಿಯವ್ನು ಕೇಳ್ತಾ ಇದ್ದಾನೆ" ಎಂದರು ಅಮ್ಮ. "ಆದ್ರೆ ನೀನು ಒಂದು ತಿಂಗಳೂ ಬಾಡಿಗೆ ತಪ್ಪಿಸಿದವಳಲ್ಲ. ಬರೋ ಯುಗಾದಿವರೆಗೆ ಕಾಯ್ತೀನಿ. ದುಡ್ಡು ಮಾತ್ರ ಪೂರ್ತಿ ಬ್ಯಾಂಕಲ್ಲೇ ಬರ್ಬೇಕು. ಆಮೇಲೆ ಅವನಿಗೇ."

ಅರ್ಧದಷ್ಟು ಹಣ ನನ್ನ ಹತ್ತಿರ ಇತ್ತು. ಉಳಿದರ್ಧಕ್ಕೆ ಸಾಲ. ನನಗೇನು, ತೆರಿಗೆ ಕಟ್ಟಿದ ಕಾಗದ ಇದೆ, ವ್ಯಾಪಾರ ಇದೆ, ಊರಲ್ಲಿ ಯಾರಿಗೂ ನಯಾಪೈಸೆ ಕೊಡಬೇಕಾಗಿಲ್ಲ ಎಂಬ ಹೆಸರಿದೆ. ಎದೆಯೆತ್ತಿಕೊಂಡು ಕೊಪ್ಪದಲ್ಲಿ ನಾನು ಖಾತೆ ಇಟ್ಟ ಬ್ಯಾಂಕಿಗೆ ಹೋದೆ. ಅಲ್ಲಿಯ ಸಾಹೇಬರು ಕಂಪ್ಯೂಟರ್ ನೋಡಿ, ನನ್ನನ್ನು ನೋಡಿ, ಮತ್ತೆ ಕಂಪ್ಯೂಟರ್ ನೋಡಿದರು.

"ನಿಮ್ಮ ಕ್ರೆಡಿಟ್ ಸ್ಕೋರ್ ಮೈನಸ್ ಒಂದು ಬರ್ತಾ ಇದೆ ಅಮ್ಮ."

"ಮೈನಸ್ಸಾ? ನಾನು ಯಾರಿಗೆ ಬಾಕಿ ಇಟ್ಟಿದ್ದೀನಿ?"

"ಯಾರಿಗೂ ಇಲ್ಲ. ಅದೇ ತೊಂದರೆ. ನೀವು ಇದುವರೆಗೆ ಎಲ್ಲೂ ಸಾಲನೇ ಮಾಡಿಲ್ಲ. ತೀರಿಸ್ತೀರೋ ಇಲ್ವೋ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

ಸಾಲ ಮಾಡದವಳು ಸಾಲ ತೀರಿಸುತ್ತಾಳೆಂದು ನಂಬುವುದು ಹೇಗೆ ಎಂಬುದು ಅವರ ಪ್ರಶ್ನೆ. ಕದಿಯದವನನ್ನು ಪ್ರಾಮಾಣಿಕನೆಂದು ಹೇಳುವುದು ಹೇಗೆ, ಒಂದು ಸಲ ಕದ್ದು ವಾಪಸು ಇಟ್ಟು ತೋರಿಸಲಿ, ಎಂದ ಹಾಗಾಯಿತು. ಆದರೂ ನಾನು ವ್ಯಾಪಾರದವಳು. ಗಿರಾಕಿಯ ತರ್ಕ ಹುಚ್ಚೆನಿಸಿದರೂ ಅವನ ಕೈಯಲ್ಲಿ ದುಡ್ಡಿದ್ದರೆ ತಲೆಯಾಡಿಸಬೇಕು. "ಹಾಗಾದ್ರೆ ಎಂತ ಮಾಡದು?" ಎಂದೆ.

"ಒಂದು ಕ್ರೆಡಿಟ್ ಕಾರ್ಡ್ ಮಾಡ್ಸಿ. ಆರು ತಿಂಗಳು ಸರಿಯಾಗಿ ನಡೆಸಿದ್ರೆ ಸ್ಕೋರ್ ಬರುತ್ತೆ."

"ಸರಿ, ಕೊಡಿ."

ಅಲ್ಲೇ ಅರ್ಜಿ ಹಾಕಿಸಿದರು. ಒಂದು ವಾರಕ್ಕೆ ಮೆಸೇಜ್ ಬಂತು: ಸ್ಕೋರ್ ಇಲ್ಲದ ಕಾರಣ ಕಾರ್ಡ್ ಕೊಡಲಾಗುವುದಿಲ್ಲ.

ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಕವಳದ ಎಲೆಗೆ ಸುಣ್ಣ ಹಚ್ಚುತ್ತಾ, "ನಂದೂ ಹಾಗೇ ಖಾಲಿ. ಗಂಡ ಹೆಂಡ್ತಿ ಇಬ್ರೂ ಲೆಕ್ಕಕ್ಕೇ ಇಲ್ಲ ಅಂತಾಯ್ತು" ಎಂದು ಸಮಾಧಾನ ಹೇಳಿದರು. ಪಕ್ಕದಲ್ಲಿ ಕೂತಿದ್ದ ನನ್ನ ಮೈದುನ ನಕ್ಕ. ಅವನ ಬೈಕು ಕಂತಿನದು, ಫ್ರಿಜ್ಜು ಕಂತಿನದು, ಕೈಯಲ್ಲಿದ್ದ ಫೋನು ಕಂತಿನದು. ಅವನ ಹೆಂಡತಿಯ ಬಳೆಗಳು ವರ್ಷದಲ್ಲಿ ಹೆಚ್ಚು ದಿನ ಇರುವುದು ಬ್ಯಾಂಕಿನ ಕಪಾಟಿನಲ್ಲಿ. ಫೋನು ತಿರುಗಿಸಿ ತೋರಿಸಿದ. ಹಸಿರು ಬಣ್ಣದ ಅರ್ಧಚಕ್ರ, ಅದರ ಮಧ್ಯೆ ಏಳುನೂರ ಎಂಬತ್ತು.

"ನೋಡಿ ಅತ್ತಿಗೆ, ಇದಕ್ಕೆ ಎಕ್ಸಲೆಂಟ್ ಅಂತಾರೆ. ಸಾಲದ ಅರ್ಜಿಗೆ ನನ್ನ ಹೆಸರೂ ಹಾಕಿ, ನಾಳೆನೇ ಆಗುತ್ತೆ. ಎಂತ, ಗೋದಾಮಿನ ಪತ್ರದಲ್ಲೂ ನನ್ನ ಹೆಸರು ಒಂದು ಮೂಲೇಲಿ ಇರ್ಲಿ, ಅಷ್ಟೇ."

"ನಿನ್ನ ಹೆಸರು ಹಾಕಿದ್ರೆ ಸಾಲ ನಾಳೆ ಆಗುತ್ತೆ ಮಾರಾಯ, ಗೋದಾಮು ನಾಳಿದ್ದು ಅಡ ಆಗುತ್ತೆ" ಎಂದೆ. ಅವನಿಗೆ ಬೇಸರವಾಗಲಿಲ್ಲ. ಏಳುನೂರ ಎಂಬತ್ತು ಇದ್ದವರಿಗೆ ಬೇಸರವಾಗುವುದಿಲ್ಲ. "ಯುಗಾದಿ ಹತ್ರ ಬಂದಾಗ ನೀವೇ ಕರೀತೀರಿ ಬಿಡಿ" ಎಂದು ಕಾಫಿ ಕುಡಿದು ಹೋದ.

ಅವತ್ತು ನಿಶ್ಚಯಿಸಿದೆ, ಕಾರ್ಡು ಮಾಡಿಸಿಯೇ ಸೈ. ಸೀರೆ ತೆಗೆಯಲು ನಾಲ್ಕು ಅಂಗಡಿ ಹತ್ತಿಳಿಯುವವಳು ಕಾರ್ಡಿಗೆ ಒಂದೇ ಅಂಗಡಿ ನೋಡಿ ಸುಮ್ಮನಿರುವುದುಂಟೆ?

ಎರಡನೆಯ ಅಂಗಡಿ ಸಿಕ್ಕಿದ್ದು ಶೃಂಗೇರಿಯಲ್ಲಿ. ಅಮ್ಮನಿಗೆ ಬಾಡಿಗೆ ಕೊಟ್ಟು ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಕೊಡೆಯ ಕೆಳಗೆ ಮೇಜು ಹಾಕಿಕೊಂಡು ಟೈ ಕಟ್ಟಿದವನೊಬ್ಬ ಕೂತಿದ್ದ. ಯಾತ್ರಿಕರು ಪ್ರಸಾದದ ಪೊಟ್ಟಣ ಹಿಡಿದು ಹೋಗುತ್ತಿದ್ದರೆ ಅವನು ಅಷ್ಟೇ ಭಕ್ತಿಯಿಂದ ಚೀಟಿ ಹಂಚುತ್ತಿದ್ದ.

"ಮೇಡಂ, ಈ ಕಾರ್ಡಲ್ಲಿ ವರ್ಷಕ್ಕೆ ನಾಲ್ಕು ಸಲ ಏರ್‌ಪೋರ್ಟ್ ಲೌಂಜ್ ಫ್ರೀ."

"ಲೌಂಜಲ್ಲಿ ಎಂತ ಕೊಡ್ತಾರೆ?"

"ಊಟ, ಕಾಫಿ, ಕೂರೋಕೆ ಸೋಫಾ."

"ಊಟ ಮಠದಲ್ಲಿ ಸಿಗುತ್ತೆ. ಕೂರೋಕೆ ನನ್ನ ಹತ್ರನೇ ಒಂಬೈನೂರು ಕುರ್ಚಿ ಇದೆ. ವರ್ಷಕ್ಕೆ ಫೀಸು?"

"ಒಂಬೈನೂರ ತೊಂಬತ್ತೊಂಬತ್ತು, ಪ್ಲಸ್ ಜಿಎಸ್‌ಟಿ. ಸಿನಿಮಾ ಟಿಕೆಟೂ ಒಂದಕ್ಕೊಂದು ಫ್ರೀ ಇದೆ ಮೇಡಂ, ಮಲ್ಟಿಪ್ಲೆಕ್ಸಲ್ಲಿ."

"ನೋಡು ಮಾರಾಯ, ವಿಮಾನ ತೆಗಿ, ಸಿನಿಮಾ ತೆಗಿ, ಎರಡನ್ನೂ ವಾಪಸ್ ಇಟ್ಕೊ. ಅಷ್ಟು ಕಳೆದು ಬರೀ ಕಾರ್ಡಿಗೆ ಎಷ್ಟು ಹೇಳು."

ಅವನು ಪಾಪ, ನನ್ನನ್ನು ಒಂದು ಕ್ಷಣ ನೋಡಿ, "ಹಾಗೆ ಬಿಡಿಬಿಡಿಯಾಗಿ ಬರಲ್ಲ ಮೇಡಂ" ಎಂದ. ನನ್ನ ಹತ್ತಿರ ಬರುತ್ತದೆ. ಕಡಾಯಿ ಬೇಕು, ಮುಚ್ಚಳ ಬೇಡ ಎಂದವರಿಗೆ ನಾನು ಮುಚ್ಚಳದ ದುಡ್ಡು ಕಳೆಯುತ್ತೇನೆ. ಆದರೂ ಅರ್ಜಿ ತುಂಬಿ ಕೊಟ್ಟೆ, ಸಿಕ್ಕರೆ ಸಿಗಲಿ ಎಂದು. ಅದೂ ಬರಲಿಲ್ಲ. ಬರದ ಅರ್ಜಿಯೂ ನನ್ನ ಹೆಸರಿನಲ್ಲಿ ದಾಖಲಾಗಿ ಕೂರುತ್ತದೆ, ಕಂಡಕಂಡಲ್ಲಿ ಅರ್ಜಿ ಹಾಕಿದವರನ್ನು ಬ್ಯಾಂಕಿನವರು ದುಡ್ಡಿಗೆ ಹಪಹಪಿಸುವವರೆಂದು ತಿಳಿಯುತ್ತಾರೆ ಎಂದು ಆಗ ನನಗೆ ಯಾರೂ ಹೇಳಲಿಲ್ಲ. ಅವನಂತೂ ಹೇಳಲಿಲ್ಲ.

ಮೂರನೆಯ ಅಂಗಡಿ ನರಸಿಂಹರಾಜಪುರದಲ್ಲಿ. ಅಲ್ಲಿಯ ಒಂದು ಗೃಹಪ್ರವೇಶಕ್ಕೆ ಕುರ್ಚಿ ಇಳಿಸಲು ಹೋದಾಗ ಪಕ್ಕದಲ್ಲೇ ಒಂದು ಬ್ಯಾಂಕ್ ಕಂಡಿತು. ಒಳಗೆ ಹೋದೆ. ಅಲ್ಲಿದ್ದ ಮೇಡಂ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ನನ್ನ ಕಥೆ ಪೂರ್ತಿ ಕೇಳಿ, "ಅಕ್ಕ, ಐವತ್ತು ಸಾವಿರ ಎಫ್‌ಡಿ ಇಡಿ. ಅದರ ಮೇಲೆ ಕಾರ್ಡ್ ಕೊಡ್ತೀವಿ. ಸ್ಕೋರ್ ಬೇಡ, ವರ್ಷದ ಫೀಸೂ ಇಲ್ಲ. ಲಿಮಿಟ್ ನಲವತ್ತೈದು ಸಾವಿರ" ಎಂದರು.

"ನನ್ನ ದುಡ್ಡು ನಿಮ್ಮ ಹತ್ರ ಇಟ್ಟು, ಅದರಲ್ಲೇ ನನಗೆ ಸಾಲ?"

"ಹೌದು."

"ಅದನ್ನ ನಾನು ತೀರಿಸಿದ್ರೆ ನಾನು ನಂಬಿಕಸ್ಥೆ?"

"ಹೌದು ಅಕ್ಕ" ಎಂದು ನಕ್ಕರು. "ಎಫ್‌ಡಿಗೆ ಬಡ್ಡಿ ಬರ್ತಾ ಇರುತ್ತೆ. ನಿಮಗೆ ನಷ್ಟ ಇಲ್ಲ."

ಹೆಸರಿಗೆ ಸಾಲ, ಒಳಗೆ ನನ್ನದೇ ಗಂಟು. ಪಾತ್ರೆಗೆ ಡಿಪಾಸಿಟ್ ಇಸಿದುಕೊಂಡು ಬಾಡಿಗೆಗೆ ಕೊಡುವ ನನ್ನ ವ್ಯಾಪಾರವೇ ಇದು ಎಂದು ಹೊಳೆಯಿತು. ಗುರುತಿಲ್ಲದ ಊರಿನವರಿಗೆ ನಾನು ಮಾಡುವುದೂ ಇದನ್ನೇ. ಎಫ್‌ಡಿಗೆ ಇನ್ನು ಕಾಲು ಪರ್ಸೆಂಟ್ ಜಾಸ್ತಿ ಕೊಡಿ ಎಂದು ಕೇಳಿದೆ. ಕೊಡಲಿಲ್ಲ. ಕೇಳುವುದು ನನ್ನ ಧರ್ಮ.

ಕಾರ್ಡು ಅಂಚೆಯಲ್ಲಿ ಬಂದಾಗ ಮಳೆಗಾಲ ಶುರುವಾಗಿತ್ತು. ಅರ್ಜಿ ಬರೆಸಿಕೊಳ್ಳುವಾಗಲೇ ಮೇಡಂ ಎರಡು ಮಾತು ಹೇಳಿದ್ದರು: ಪ್ರತಿ ತಿಂಗಳು ಬಿಲ್ ಪೂರ್ತಿ ಕಟ್ಟಿ, ಲಿಮಿಟ್ಟಿನ ಮೂರನೇ ಒಂದು ಪಾಲಿನ ಮೇಲೆ ಹೋಗಬೇಡಿ. ಎರಡಕ್ಕೂ ತಲೆಯಾಡಿಸಿದ್ದೆ. ಎರಡನ್ನೂ ಮೊದಲ ತಿಂಗಳೇ ಮುರಿದೆ.

ಶಾಮಿಯಾನದ ಮೇಲೆ ಹೊದಿಸುವ ಹಳೆಯ ತಾಡಪಾಲುಗಳು ಹರಿದಿದ್ದವು. ಹೊಸದನ್ನು ತರಲು ಅಂಗಡಿಗೆ ಹೋಗಿ, ಅಭ್ಯಾಸದಂತೆ ಗಂಟೆಗಟ್ಟಲೆ ಚೌಕಾಸಿ ಮಾಡಿ, ಬೆಲೆಯನ್ನು ನನಗೆ ಹಿತವೆನಿಸುವಷ್ಟು ಕೆಳಗಿಳಿಸಿ, ಕಾರ್ಡು ತೆಗೆದೆ. ಅಂಗಡಿಯವನ ಮುಖ ಬಾಡಿತು. "ಕಾರ್ಡಾ? ಮೊದ್ಲೇ ಹೇಳದಲ್ವಾ ಅಕ್ಕ. ಈ ರೇಟು ಕ್ಯಾಶಿಗೆ. ಕಾರ್ಡಿಗೆ ಎರಡು ಪರ್ಸೆಂಟ್ ಮೇಲೆ." ಚೌಕಾಸಿ ಮತ್ತೆ ಮೊದಲಿನಿಂದ ಶುರುವಾಯಿತು. ಕೊನೆಗೆ ಒಂದು ಪರ್ಸೆಂಟಿಗೆ ರಾಜಿಯಾದೆವು. ನನ್ನ ಜೀವಮಾನದಲ್ಲಿ ಬೆಲೆ ಮೇಲಕ್ಕೆ ಹೋಗುವ ಚೌಕಾಸಿ ಮಾಡಿದ್ದು ಅದೊಂದೇ. ಬಿಲ್ಲು ಮೂವತ್ತೊಂದು ಸಾವಿರದ ನಾನೂರ ಹನ್ನೊಂದು ಆಯಿತು.

ಕಾರ್ಡಿನ ಬಿಲ್ಲು ಫೋನಿಗೆ ಬಂದಾಗಲೂ ಅದೇ ಮೊತ್ತ. ಮೂವತ್ತೊಂದು ಸಾವಿರದ ನಾನೂರ ಹನ್ನೊಂದು. ಕೊನೆಯಲ್ಲಿ ಹನ್ನೊಂದು ತಾನಾಗಿಯೇ ಬಂದು ಕೂತಿದೆ. ಇದಕ್ಕಿಂತ ಶುಭ ಶಕುನ ಬೇಕೆ? ಮೇಡಂ ಪೂರ್ತಿ ಕಟ್ಟಿ ಎಂದಿದ್ದು ನೆನಪಿತ್ತು. ಆದರೆ ಅವರು ಚಿಕ್ಕವರು, ವ್ಯಾಪಾರದ ಸೂಕ್ಷ್ಮ ಅವರಿಗೇನು ಗೊತ್ತು ಎಂದುಕೊಂಡೆ. ಹೊಸ ಸಂಬಂಧ. ಮುಂದೆ ದೊಡ್ಡ ಸಾಲದ ಕಾರ್ಯ ಆಗಬೇಕಾಗಿದೆ. ಮೊದಲನೇ ಲೆಕ್ಕವನ್ನೇ ಸಾವಿನ ಮನೆಯವರ ಹಾಗೆ ಪೂರ್ತಿ ಮುಗಿಸಿ ಎದ್ದು ಬರುವುದೇ? ಫೋನಿನಲ್ಲಿ ಮೂವತ್ತೊಂದು ಸಾವಿರದ ನಾನೂರು ಎಂದು ಒತ್ತಿ, ಹನ್ನೊಂದು ಉಳಿಸಿ, ಮನಸ್ಸಿನಲ್ಲೇ "ಮುಂದಿನ ಕಾರ್ಯಕ್ಕೆ ಇರ್ಲಿ" ಎಂದೆ. ಯಜಮಾನರಿಗೂ ಹೇಳಿದೆ. "ಒಳ್ಳೇದಾಯ್ತು, ಅವ್ರಿಗೂ ಖುಷಿಯಾಗ್ಬಹುದು" ಎಂದರು.

ಅವರಿಗೆ ನಿಜವಾಗಿಯೂ ಖುಷಿಯಾಗಿರಬೇಕು.

ಮುಂದಿನ ಬಿಲ್ಲಿನಲ್ಲಿ ಹನ್ನೊಂದರ ಜೊತೆಗೆ ಬಡ್ಡಿ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಎಂದು ಸಾವಿರದ ಏಳುನೂರ ನಾಲ್ಕು ರೂಪಾಯಿ ಇತ್ತು. ಮೊದಲು ಕನ್ನಡಕ ಒರೆಸಿದೆ. ಆಮೇಲೆ ಫೋನಿನ ಗಾಜು ಒರೆಸಿದೆ. ಒರೆಸಿದರೂ ಹೋಗಲಿಲ್ಲ.

ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ದನದ ಹಟ್ಟಿಯ ಹಿಂದಿನ ಎತ್ತರದ ಮಣ್ಣಿನ ದರೆಯ ಮೇಲೆ. ಕೊಡೆ ಹಿಡಿದುಕೊಂಡು ಅಲ್ಲಿ ನಿಂತು ಕಾರ್ಡಿನ ಹಿಂದಿದ್ದ ನಂಬರಿಗೆ ಫೋನ್ ಮಾಡಿದೆ. ಕನ್ನಡಕ್ಕೆ ಎರಡು ಒತ್ತಿ ಎಂದಿತು, ಒತ್ತಿದೆ. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೆ ಒಬ್ಬ ಹುಡುಗ ಸಿಕ್ಕಿದ.

"ಹನ್ನೊಂದು ರೂಪಾಯಿಗೆ ಸಾವಿರದ ಏಳುನೂರು ಬಡ್ಡಿಯಾ? ನಮ್ಮೂರಲ್ಲಿ ಮೀಟರ್ ಬಡ್ಡಿಯವನೂ ಇಷ್ಟು ಹಾಕಲ್ಲ."

"ಮೇಡಂ, ಬಡ್ಡಿ ಹನ್ನೊಂದು ರೂಪಾಯಿಗೆ ಅಲ್ಲ. ಬಿಲ್ ಪೂರ್ತಿ ಕಟ್ಟಿದ್ರೆ ಮಾತ್ರ ಬಡ್ಡಿ ಇಲ್ಲ. ಸ್ವಲ್ಪ ಉಳಿದ್ರೂ, ನೀವು ಖರೀದಿ ಮಾಡಿದ ದಿನದಿಂದ ಕಟ್ಟಿದ ದಿನದವರೆಗೆ ಪೂರ್ತಿ ಮೂವತ್ತೊಂದು ಸಾವಿರಕ್ಕೆ ಬಡ್ಡಿ ಬೀಳುತ್ತೆ."

"ಕಟ್ಟಿದ ದುಡ್ಡಿಗೂ?"

"ಕಟ್ಟೋವರೆಗಿನ ದಿನಗಳಿಗೆ, ಹೌದು ಮೇಡಂ."

"ಅದು ಬಾಕಿ ಅಲ್ಲ ಮಾರಾಯ, ನಾನು ಪ್ರೀತಿಗೆ ಬಿಟ್ಟಿದ್ದು."

ಆ ಕಡೆ ಕಂಪ್ಯೂಟರ್ ಕುಟ್ಟುವ ಸದ್ದು. ಪ್ರೀತಿ ಎಂಬ ಕಲಮು ಹುಡುಕುತ್ತಿದ್ದನೇನೋ. "ಸಿಸ್ಟಂನಲ್ಲಿ ಹಾಗೇ ಇರೋದು ಮೇಡಂ" ಎಂದ.

"ಸಿಸ್ಟಂ ಆಚೆ ಇಡು. ನಿನ್ನ ಕೈಲಿ ಎಷ್ಟು ಬಿಡೋಕಾಗುತ್ತೆ, ಅದು ಹೇಳು."

"ಹಾಗೆಲ್ಲ ಬರಲ್ಲ ಮೇಡಂ."

"ಬರುತ್ತೆ. ಎಲ್ಲ ಕಡೆ ಬರುತ್ತೆ. ಇಲ್ಲಿ ಮಳೆ ಬರ್ತಾ ಇದೆ, ನಾನು ದರೆ ಮೇಲೆ ನಿಂತಿದ್ದೀನಿ. ಜಾರಿ ಬಿದ್ರೆ ಅದನ್ನೂ ನಿಮ್ಮ ಸಿಸ್ಟಂಗೇ ಬರೆಸ್ತೀನಿ. ಪೂರ್ತಿ ಬಿಡು."

"ಒಂದು ನಿಮಿಷ ಮೇಡಂ." ಮತ್ತೆ ಸಂಗೀತ. ವ್ಯಾಪಾರಿ ಒಳಗೆ ಹೋಗಿ ಯಜಮಾನನನ್ನು ಕೇಳಿ ಬರುತ್ತೇನೆ ಎಂದನೆಂದರೆ ಬೆಲೆ ಇಳಿಯುತ್ತದೆಂದೇ ಲೆಕ್ಕ. ಬಂದು, ಮೊದಲ ಸಲವಾದ್ದರಿಂದ ಅರ್ಧ ವಾಪಸು ಹಾಕಬಹುದು ಎಂದ. ಮುಕ್ಕಾಲು ಎಂದೆ. ಅರ್ಧ ಎಂದ. ಕಾಲು ಜಾರತೊಡಗಿತ್ತು, ಅರ್ಧಕ್ಕೆ ಒಪ್ಪಿದೆ.

ಕೆಳಗಿಳಿದು ಬರುವಾಗ ದುಡ್ಡಿನ ಚಿಂತೆ ಇರಲಿಲ್ಲ. ಹೆದರಿಕೆ ಬೇರೆಯೇ ಹುಟ್ಟಿತ್ತು. ಇದರಿಂದ ಸ್ಕೋರು ಹಾಳಾಗಿದ್ದರೆ? ಯುಗಾದಿಗೆ ಸಾಲ ಸಿಗದಿದ್ದರೆ ಗೋದಾಮು ಟೈಲ್ಸಿನವನಿಗೆ, ಇಲ್ಲವೇ ಪತ್ರದ ಮೂಲೆಯಲ್ಲಿ ಮೈದುನನ ಹೆಸರು. ಮಾರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ನರಸಿಂಹರಾಜಪುರಕ್ಕೆ ಹೋದೆ.

ಮೇಡಂ ಬಿಲ್ಲು ನೋಡಿ, "ಯಾಕಕ್ಕ ಹನ್ನೊಂದು ಬಿಟ್ರಿ?" ಎಂದರು. ಹೇಳಿದೆ. ಮದುವೆಯ ಲೆಕ್ಕ, ವೈಕುಂಠದ ಲೆಕ್ಕ, ಎಲ್ಲ. ಅವರು ನಗಲಿಲ್ಲ. ಗಲ್ಲಕ್ಕೆ ಕೈಯಿಟ್ಟು ಕೇಳಿ, "ನಮ್ಮಜ್ಜಿನೂ ಬಳೆಗಾರನಿಗೆ ಹಾಗೇ ಬಿಡ್ತಿದ್ರು" ಎಂದರು. ಆಮೇಲೆ, "ಹೆದ್ರಬೇಡಿ. ಮಿನಿಮಮ್‌ಗಿಂತ ಜಾಸ್ತಿ ಕಟ್ಟಿದ್ದೀರಿ, ಡೇಟಿನ ಒಳಗೇ ಕಟ್ಟಿದ್ದೀರಿ. ತಪ್ಪಿಸಿದ್ದಾರೆ ಅಂತ ದಾಖಲೆಗೆ ಬಿದ್ದಿಲ್ಲ, ದುಡ್ಡು ಹೋಯ್ತು ಅಷ್ಟೇ. ಆದ್ರೆ ನಲವತ್ತೈದರಲ್ಲಿ ಮೂವತ್ತೊಂದು ಸಾವಿರ ಎಳೆದ್ರಲ್ಲ, ಅದು ಜಾಸ್ತಿ ಆಯ್ತು. ಇನ್ನು ಸಣ್ಣದು ಖರ್ಚು ಮಾಡಿ. ಮತ್ತೆ ಬೇರೆ ಎಲ್ಲೂ ಅರ್ಜಿ ಹಾಕ್ಬೇಡಿ, ಈಗಾಗ್ಲೇ ಎರಡು ಕಾಣ್ತಾ ಇದೆ" ಎಂದರು.

"ಹಾಗಾದ್ರೆ ಬ್ಯಾಂಕಿಗೆ ವೈಕುಂಠದ ಲೆಕ್ಕನೇ ಸರಿ ಅಂತಾಯ್ತು."

"ಪ್ರತಿ ತಿಂಗಳೂ ಅಕ್ಕ. ಒಂದು ಪೈಸೆ ಇಡ್ದೆ."

ಆಮೇಲಿನ ತಿಂಗಳುಗಳು ನನ್ನ ಪಾಲಿಗೆ ವ್ರತದ ಹಾಗೆ ಕಳೆದವು. ಕಾರ್ಡನ್ನು ಚೌಕಾಸಿ ನಡೆಯುವ ಜಾಗಕ್ಕೆ ಒಯ್ಯಲೇ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ಪಿಕಪ್ಪಿಗೆ ಡೀಸೆಲ್, ಮನೆಗೆ ಕರೆಂಟ್ ಬಿಲ್, ಗ್ಯಾಸ್ ಸಿಲಿಂಡರ್. ಬಾಯಿಮಾತಿಗೆ ಒಂದು ರೂಪಾಯಿಯೂ ಇಳಿಯದ ಕಡೆ ಮಾತ್ರ ಕಾರ್ಡು. ಬಿಲ್ಲು ಬಂದ ಕೂಡಲೇ ಪೂರ್ತಿ ಚುಕ್ತಾ. ಮೊದಮೊದಲು ಒತ್ತುವಾಗ ಬೆರಳು ಹಿಂಜರಿಯುತ್ತಿತ್ತು, ಯಾರನ್ನೋ ವೈಕುಂಠಕ್ಕೆ ಕಳುಹಿಸಿಕೊಟ್ಟ ಹಾಗೆ. ಒಂದು ತಿಂಗಳು ಬಿಲ್ಲಿನಲ್ಲಿ ನಲವತ್ತು ಪೈಸೆ ಇತ್ತು. ಅದನ್ನೂ ಕಟ್ಟಿದೆ. ನಲವತ್ತು ಪೈಸೆ ಕೊಟ್ಟದ್ದು ಬಾಲ್ಯದಲ್ಲಿ ಶುಂಠಿ ಪೆಪ್ಪರಮೆಂಟು ಕೊಂಡ ಮೇಲೆ ಅದೇ ಮೊದಲು.

ದೀಪಾವಳಿ ಕಳೆಯಿತು. ಟೈಲ್ಸಿನವನು ಎರಡು ಸಲ ಬಂದು ಗೋದಾಮಿನ ಮುಂದೆ ನಿಂತು, ಹೆಜ್ಜೆ ಹಾಕಿ ಅಗಲ ಅಳೆದು ಹೋದ. ಕೇಳಿದ್ದಕ್ಕೆ "ಸುಮ್ನೆ, ವಾಕಿಂಗ್" ಎಂದ. ಮೈದುನ ಬಂದಾಗಲೆಲ್ಲ "ಎಷ್ಟಾಯ್ತು ಅತ್ತಿಗೆ?" ಎಂದು, ಜ್ವರ ಬಂದವರನ್ನು ಕೇಳುವ ಹಾಗೆ ಕೇಳುತ್ತಿದ್ದ. "ಇನ್ನೂ ಮೈನಸ್ಸು" ಎಂದರೆ, "ನನ್ನ ಮಾತು ನೆನಪಿರ್ಲಿ" ಎನ್ನುತ್ತಿದ್ದ. ಅಡಿಕೆ ಕೊಯ್ಲು ಮುಗಿದು ಮದುವೆಗಳ ಕಾಲ ಶುರುವಾಗುವ ಹೊತ್ತಿಗೆ ಒಂದು ದಿನ ಫೋನಿನಲ್ಲಿ ಆ ಅರ್ಧಚಕ್ರ ಮೂಡಿತು. ಏಳುನೂರ ನಲವತ್ತೆರಡು.

ಗೋದಾಮಿನಲ್ಲಿ ನಾನು ಕುಣಿದದ್ದನ್ನು ಹಂಡೆ ತೊಳೆಯುತ್ತಿದ್ದವರೆಲ್ಲ ನಿಂತು ನೋಡಿದರು. ಎಂತ ಅಕ್ಕ, ಲಾಟರಿಯಾ ಎಂದರು. ಅಲ್ಲ ಮಾರಾಯ್ರೆ, ನನಗೆ ಸಾಲ ಕೊಡಬಹುದಂತೆ ಎಂದೆ. ಅದರಲ್ಲಿ ಕುಣಿಯುವಂಥದ್ದೇನು ಎಂದು ಅವರಿಗೆ ತಿಳಿಯಲಿಲ್ಲ. ವರ್ಷದ ಹಿಂದೆ ನನಗೂ ತಿಳಿಯುತ್ತಿರಲಿಲ್ಲ.

ಕೊಪ್ಪದ ಅದೇ ಬ್ಯಾಂಕಿಗೆ, ಅದೇ ಸಾಹೇಬರ ಮುಂದೆ ಹೋಗಿ ಕೂತೆ. ಅವರು ಈ ಸಲ ಕಾಫಿ ತರಿಸಿದರು. ಸಾಲ ಕೊಡಲು ಒಪ್ಪಿದರು. ಪ್ರೊಸೆಸಿಂಗ್ ಫೀಸು ಎಂದು ಒಂದು ಮೊತ್ತ ಹೇಳಿದರು. ನರಸಿಂಹರಾಜಪುರದವರು ಅದನ್ನು ಅರ್ಧ ಮಾಡುತ್ತಾರಂತೆ ಎಂದೆ. ಅಲ್ಲಿ ಕೇಳಿಯೂ ಇರಲಿಲ್ಲ. ಅರ್ಧ ಆಯಿತು. ಸ್ಕೋರ್ ಎಂದರೆ ಇಷ್ಟೇ: ಚೌಕಾಸಿ ಮಾಡಲು ಎದುರು ಕುರ್ಚಿಯಲ್ಲಿ ಕೂರಿಸಿಕೊಳ್ಳುತ್ತಾರೆ.

ಯುಗಾದಿಗೆ ಸ್ವಲ್ಪ ಮೊದಲು ಗೋದಾಮು ನನ್ನ ಹೆಸರಿಗೆ, ನನ್ನೊಬ್ಬಳ ಹೆಸರಿಗೆ ರಿಜಿಸ್ಟರ್ ಆಯಿತು. ಪತ್ರದಲ್ಲಿ ಬರೆದ ಮೊತ್ತ ಪೈಸೆ ಬಾಕಿ ಇಲ್ಲದೆ ಅಮ್ಮನ ಖಾತೆಗೆ ಹೋಗಲೇಬೇಕು, ಹೋಯಿತು. ಅದು ನನಗೆ ಸರಿ ಕಾಣಲಿಲ್ಲ. ಇಪ್ಪತ್ತು ವರ್ಷದ ಸಂಬಂಧ, ವೈಕುಂಠದ ಊಟ ಮುಗಿಸಿ ಎದ್ದ ಹಾಗೆ ಮುಗಿಸುವುದೇ? ಕೊನೆಯ ತಿಂಗಳ ಬಾಡಿಗೆ ಕೊಡುವುದಿತ್ತು. ಶೃಂಗೇರಿಗೆ ಹೋಗಿ ಅದನ್ನು ಅಮ್ಮನ ಕೈಯಲ್ಲಿಟ್ಟೆ. ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಹನ್ನೊಂದು ಕಡಿಮೆ ಇದೆಯಲ್ಲೇ."

"ಹೌದಮ್ಮ. ಇರ್ಲಿ."

ಅಮ್ಮ ನನ್ನನ್ನೇ ನೋಡಿ, ಸೆರಗಿನ ತುದಿಗೆ ಹಣ ಕಟ್ಟಿಕೊಂಡು, "ಲಿಫ್ಟ್ ಪೂಜೆಗೆ ನಿನ್ನ ಪಾತ್ರೆನೇ ಬರ್ಲಿ ಹಾಗಾದ್ರೆ" ಎಂದರು. ಬಾಡಿಗೆಯಲ್ಲಿ ರಿಯಾಯಿತಿ ಕೇಳಿದರು. ಕೊಟ್ಟೆ, ಸ್ವಲ್ಪ.

ಮೈದುನನ ಸ್ಕೋರು ಇವತ್ತಿಗೂ ನನ್ನದಕ್ಕಿಂತ ಜಾಸ್ತಿ ಇದೆ. ಅವನ ಹೆಂಡತಿಯ ಬಳೆಗಳು ಈಗಲೂ ಕಪಾಟಿನಲ್ಲೇ ಇವೆ. ಯಾರು ಯಾರಿಗೆ ಬುದ್ಧಿ ಹೇಳಬೇಕು ಎಂಬುದನ್ನು ನಾನು ಫೋನಿನ ಅರ್ಧಚಕ್ರಕ್ಕೆ ಬಿಟ್ಟಿಲ್ಲ. ಹಾಗಾಗಿ ನಿಮಗೆ ಹೇಳುತ್ತೇನೆ, ಕೇಳಿ.

ಸಾಲ ಬೇಕಾದಾಗ ಕಾರ್ಡು ಹುಡುಕಬೇಡಿ. ಬೇಡವಾದಾಗಲೇ ಮಾಡಿಸಿ ಇಡಿ, ಮಳೆಗಾಲದ ಸೌದೆ ಬೇಸಿಗೆಯಲ್ಲೇ ಒಟ್ಟುವ ಹಾಗೆ. ನಿಮ್ಮ ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಊರೂರು ಅರ್ಜಿ ಹಾಕದೆ, ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡು ಕೊಡುವ ಬ್ಯಾಂಕನ್ನು ಕೇಳಿ. ವರ್ಷದ ಫೀಸು ಇಲ್ಲದ್ದನ್ನೇ ತೆಗೆದುಕೊಳ್ಳಿ. ವಿಮಾನ ಹತ್ತದವರಿಗೆ ಲೌಂಜ್ ಯಾಕೆ? ಬೆಲೆ ಇಳಿಸಬಹುದಾದ ಅಂಗಡಿಯಲ್ಲಿ ನೋಟು ತೋರಿಸಿ, ಇಳಿಯದ ಕಡೆ ಕಾರ್ಡು ತೋರಿಸಿ. ಲಿಮಿಟ್ಟಿನ ಮೂರನೇ ಒಂದು ಪಾಲು ದಾಟಬೇಡಿ. ಆ ಕಾರ್ಡನ್ನು ಎಟಿಎಮ್ಮಿಗೆ ಹಾಕಿ ನಗದು ತೆಗೆಯಲೇಬೇಡಿ, ಅಲ್ಲಿ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ. ಕನಿಷ್ಠ ಎಂದು ಬರೆದದ್ದು ನಿಮಗೆ ಹಾಕಿದ ಗಾಳ, ಒಟ್ಟು ಎಂದು ಬರೆದದ್ದು ನಿಮ್ಮ ಲೆಕ್ಕ. ಮರೆಯುವವರಾದರೆ ಒಟ್ಟು ಮೊತ್ತ ಖಾತೆಯಿಂದ ತಾನಾಗಿ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಡಿ. ಅಷ್ಟಾಗಿಯೂ ಬಡ್ಡಿ ಬಿದ್ದರೆ ಫೋನ್ ಮಾಡಿ ಕೇಳಿ, ಜಾರದ ಜಾಗದಲ್ಲಿ ನಿಂತು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಸಿಗಬಹುದು.

ಹನ್ನೊಂದು ರೂಪಾಯಿ ಬಿಡಲೇಬೇಕು ಎಂದು ಮನಸ್ಸಾದರೆ ನನ್ನ ಪಾತ್ರೆ ಬಾಡಿಗೆಯಲ್ಲಿ ಬಿಡಿ, ನಾನು ಬಡ್ಡಿ ಹಾಕುವುದಿಲ್ಲ. ಕಳೆದುಹೋದ ಸೌಟಿನ ದುಡ್ಡು ಮಾತ್ರ ಪೂರ್ತಿ ಕೊಡಬೇಕು.